ತ್ರಿಯುಗಿನಾರಾಯಣಕ್ಕೆ ಮದುವೆಗೆ ಹೊರಟೆವು

ಅಕ್ಕನ ಮೊಮ್ಮಗಳಿಗೆ ಮದುವೆ ಗೊತ್ತಾದಾಗ ನಾವೆಲ್ಲ ಬೆಂಗಳೂರಿನಲ್ಲಿ ಛತ್ರ ಹುಡುಕಲು ಶುರು ಮಾಡಿದ್ದೆವು. ಹುಡುಗಿ ಮಾತ್ರ, "ಛತ್ರ ಬೇಡ ತಾತ. ಶಿವ ಪಾರ್ವತಿಯರ ಮದುವೆ ಆದ ಜಾಗದಲ್ಲೇ ನಮ್ಮದೂ ಆಗಲಿ. ಮೂವತ್ತು ಜನ ಸಾಕು" ಎಂದಳು. ಆ ಜಾಗ ತ್ರಿಯುಗಿನಾರಾಯಣ. ಉತ್ತರಾಖಂಡದ ರುದ್ರಪ್ರಯಾಗ ಜಿಲ್ಲೆಯ ಹಳ್ಳಿ. ಕೇದಾರನಾಥದ ದಾರಿಯಲ್ಲಿ ಸಿಗುವ ಸೋನಪ್ರಯಾಗದಿಂದ ಸುಮಾರು 12 ಕಿಲೋಮೀಟರ್ ಬೆಟ್ಟ ಹತ್ತಬೇಕು.

ಬರುವವರನ್ನು ಸಜ್ಜು ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಬ್ಯಾಂಕಿನಲ್ಲಿ ಲೆಡ್ಜರ್ ಬರೆದವನು, ಪಟ್ಟಿ ಮಾಡಲು ಇವನೇ ಸರಿ ಎಂದು ಅವರ ಲೆಕ್ಕ. ಉದ್ದ ಪುಸ್ತಕಕ್ಕೆ ಗೆರೆ ಎಳೆದೆ: ಹೆಸರು, ವಯಸ್ಸು, ಮಾತ್ರೆ, ಮಂಡಿನೋವು. ಹನ್ನೊಂದು ಜನ ಅರವತ್ತು ದಾಟಿದವರು. ಎಲ್ಲರಿಗಿಂತ ಹಿರಿಯಳು ಅಕ್ಕನೇ, 79.

ಅಷ್ಟರಲ್ಲಿ ಸೋದರಳಿಯ, ಅಂದರೆ ಹುಡುಗಿಯ ಅಪ್ಪ, ಫೋನ್ ಮಾಡಿದ. "ಮಾವ, ಕಾಗದದಲ್ಲಿ ಚಳಿ, ಗುಡ್ಡ ಕುಸಿಯೋದು ಎಲ್ಲ ಸ್ವಲ್ಪ ಜಾಸ್ತೀನೇ ಬರೀರಿ. ಅಮ್ಮ ತಾನಾಗೇ ಬೇಡ ಅಂತಾಳೆ. ಮೊಬೈಲಲ್ಲಿ ತೋರಿಸಿದರಾಯ್ತು." ಅವನ ಭಯವೂ ಸುಳ್ಳಲ್ಲ. ಅಕ್ಕನಿಗೆ ಬಿ.ಪಿ. ಇದೆ, ಎಡಗಾಲಿನ ಮಂಡಿ ಬಗ್ಗುವುದಿಲ್ಲ. ಎರಡು ದಿನ ಪೆನ್ನು ಹಿಡಿದು ಕೂತೆ. ಸುಳ್ಳು ಎಂಟ್ರಿ ಹಾಕಲು ಕೈ ಬರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಬರೆದೆ.

ಊರಿನ ಎತ್ತರ ಸುಮಾರು 1,980 ಮೀಟರ್. ಮಕ್ಕಳೇ, ನಮ್ಮ ರಾಜ್ಯದಲ್ಲೇ ಎತ್ತರವಾದ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಅದರ ತುದಿಗಿಂತ ಇನ್ನೂ ಸ್ವಲ್ಪ ಮೇಲೆ ಹಸೆಮಣೆ ಹಾಕಿದ ಹಾಗೆ! ಪ್ರತಿ 1,000 ಮೀಟರಿಗೆ ಸುಮಾರು ಆರೂವರೆ ಡಿಗ್ರಿ ಚಳಿ ಹೆಚ್ಚುತ್ತದೆ. ಹೃಷಿಕೇಶದಲ್ಲಿ ಬೆವರುತ್ತಿದ್ದರೂ ಮೇಲೆ 10 ಡಿಗ್ರಿ ಕಡಿಮೆ ಎಂದುಕೊಳ್ಳಿ. ನೀರು ಅಲ್ಲಿ ಸುಮಾರು 93 ಡಿಗ್ರಿಗೇ ಕುದಿಯುವುದರಿಂದ ಬೇಳೆ ಬೇಗ ಬೇಯದು, ಊಟ ತಡವಾಗಬಹುದು, ಕೋಡುಬಳೆ ಚಕ್ಕುಲಿ ಕೈಚೀಲದಲ್ಲಿರಲಿ. ಎತ್ತರದಿಂದ ಬರುವ ತಲೆನೋವು, ಏದುಸಿರು ಸಾಮಾನ್ಯವಾಗಿ 2,500 ಮೀಟರ್ ದಾಟಿದ ಮೇಲಿನ ಮಾತು, ಅದಕ್ಕೆ ಹೆದರಬೇಡಿ. ಹೆದರಬೇಕಾದದ್ದು ತಿರುವುಗಳಿಗೆ. ಬೆಳಗ್ಗೆ ಎರಡೇ ಇಡ್ಲಿ, ಮುಂದಿನ ಸೀಟು, ಜೇಬಿನಲ್ಲಿ ನಿಂಬೆಹಣ್ಣು. ಮಾತ್ರೆಗಳು ಲೆಕ್ಕಕ್ಕಿಂತ ನಾಲ್ಕು ದಿನ ಹೆಚ್ಚಿಗೆ, ಅದೂ ಸೂಟ್‌ಕೇಸಿನಲ್ಲಲ್ಲ, ಕೈಯಲ್ಲೇ. ಸಿಗ್ನಲ್ ಬಂದರೆ ಬಂತು, ಆದ್ದರಿಂದ ಚಿಲ್ಲರೆ ನೋಟು ಬೇಕು (ಬ್ಯಾಂಕಿನವನ ಮಾತು, ಕೇಳಿ). ದೇವರ ಅಂಗಳದಲ್ಲಿ ಚಪ್ಪಲಿ ಹಾಕುವಂತಿಲ್ಲ, ಕಲ್ಲು ಮಂಜುಗಡ್ಡೆಯ ಹಾಗೆ ಕೊರೆಯುತ್ತದೆ. ದಪ್ಪ ಉಣ್ಣೆಯ ಕಾಲುಚೀಲ ಎರಡು ಜೊತೆ ಎಂದು ಬರೆದು ಕೆಳಗೆ ಗೆರೆ ಎಳೆದೆ.

ಅಕ್ಕ ಕಾಗದವನ್ನು ಎರಡು ಸಲ ಓದಿದಳು. "ಗಾಡಿ ಇಳಿದ ಮೇಲೆ ಎಷ್ಟು ದೂರ ನಡೀಬೇಕೋ? ರಾತ್ರಿ ಬಚ್ಚಲಿಗೆ ಹೊರಗೆ ಹೋಗಬೇಕೇನೋ?" ಎರಡನ್ನೂ ನಾನು ವಿಚಾರಿಸಿರಲಿಲ್ಲ! ಇಳಿಯುವ ಮನೆಯವರಿಗೆ ಫೋನ್ ಮಾಡಿ ಕೇಳಿದೆ. ನಡಿಗೆ ಸ್ವಲ್ಪವೇ, ನಡುವೆ ಮೆಟ್ಟಿಲುಗಳಿವೆ. ಬಚ್ಚಲು ಕೋಣೆಗೇ ಸೇರಿದೆ, ಬಿಸಿನೀರು ಮಾತ್ರ ಬಕೆಟ್ಟಿನಲ್ಲಿ ತಂದುಕೊಡುತ್ತಾರೆ. ಅಷ್ಟು ಕೇಳಿ ಅಕ್ಕ ಡಾಕ್ಟರ ಹತ್ತಿರ ಹೋದಳು. ಒಂದೇ ದಿನದಲ್ಲಿ ಹತ್ತಬೇಡಿ ಎಂದರಂತೆ. ಮಾರನೆಯ ದಿನದಿಂದ ಮನೆಯ ಮಹಡಿ ಮೆಟ್ಟಿಲನ್ನು ಬೆಳಗ್ಗೆ ಐದು ಸಲ, ಸಂಜೆ ಐದು ಸಲ, ಗೋಡೆ ಹಿಡಿದು ಹತ್ತಿ ಇಳಿದಳು. ಹೀಗೆ ಎರಡು ತಿಂಗಳು. ಸೋದರಳಿಯ ನನ್ನೊಡನೆ ಒಂದು ವಾರ ಮಾತು ಬಿಟ್ಟ.

ನವೆಂಬರಿನಲ್ಲಿ ಹೊರಟೆವು. ಆ ಹೊತ್ತಿಗೆ ಮಳೆ ನಿಂತಿರುತ್ತದೆ, ಕೇದಾರನಾಥದ ಬಾಗಿಲು ಹಾಕಿ ಯಾತ್ರಿಕರ ಗದ್ದಲವೂ ಮುಗಿದಿರುತ್ತದೆ. ಡೆಹ್ರಾಡೂನಿನಲ್ಲಿ ವಿಮಾನ ಇಳಿದು ಹೃಷಿಕೇಶದಲ್ಲಿ ಒಂದು ರಾತ್ರಿ, ಗುಪ್ತಕಾಶಿಯಲ್ಲಿ ಒಂದು ರಾತ್ರಿ. ದೇವಪ್ರಯಾಗದಲ್ಲಿ ಭಾಗೀರಥಿ, ಅಲಕನಂದಾ ಕೂಡುವುದನ್ನು ರಸ್ತೆಯಿಂದಲೇ ನೋಡಬಹುದು. ಎರಡು ನೀರಿಗೂ ಎರಡು ಬಣ್ಣ. ಅಲ್ಲಿಂದ ಮುಂದೆ ಗಂಗೆ ಎಂಬ ಹೆಸರು. ರುದ್ರಪ್ರಯಾಗದಲ್ಲಿ ಅಲಕನಂದೆಯನ್ನು ಬಿಟ್ಟು ಮಂದಾಕಿನಿಯ ಪಕ್ಕ ಹಿಡಿದೆವು. ಒಂದು ಕಡೆ ರಸ್ತೆಗೆ ಕಲ್ಲು ಬಿದ್ದು ಮೂರು ಗಂಟೆ ನಿಂತೆವು. ಕೋಡುಬಳೆ ಡಬ್ಬ ಅಲ್ಲೇ ಖಾಲಿ.

ತ್ರಿಯುಗಿನಾರಾಯಣದ ಗುಡಿ ದೊಡ್ಡದಲ್ಲ, ಕೇದಾರನಾಥದ್ದೇ ಆಕಾರದ ಕಲ್ಲಿನ ಕಟ್ಟಡ. ಒಳಗಿರುವವನು ನಾರಾಯಣ. ಶಿವನ ಮದುವೆಯಲ್ಲಿ ಪಾರ್ವತಿಗೆ ಅಣ್ಣನಾಗಿ ನಿಂತು ಧಾರೆ ಎರೆದವನು ಅವನೇ, ಪೌರೋಹಿತ್ಯ ಬ್ರಹ್ಮನದು ಎಂಬುದು ಸ್ಥಳದ ಕಥೆ. ಮದುವೆ ನಡೆದ ಜಾಗವೆಂದು ಗುಡಿಯ ಮುಂದೆ ಬ್ರಹ್ಮಶಿಲೆಯನ್ನು ತೋರಿಸುತ್ತಾರೆ. ಆವತ್ತಿನ ಹೋಮದ ಬೆಂಕಿ ಮೂರು ಯುಗ ಕಳೆದರೂ ಆರಿಲ್ಲವೆಂಬ ನಂಬಿಕೆಯಿಂದಲೇ ಊರಿಗೆ ಈ ಹೆಸರು. ಬಂದವರೆಲ್ಲ ಆ ಧುನಿಗೆ ಒಂದು ಕಟ್ಟಿಗೆ ಹಾಕಿ ಭಸ್ಮ ತೆಗೆದುಕೊಳ್ಳುತ್ತಾರೆ.

ಅಕ್ಕ ಕೋಲೂರಿಕೊಂಡು, ಮೆಟ್ಟಿಲಿಗೊಮ್ಮೆ ನಿಂತು ಬಂದಳು. ಯಾರ ಕೈಯನ್ನೂ ಹಿಡಿಯಲಿಲ್ಲ. ಕೊನೆಯ ಮೆಟ್ಟಿಲ ಹತ್ತಿರ ಅವಳ ಉಸಿರು ಜೋರಾದಾಗ ನನಗೆ ಎದೆ ಡವಡವ ಅಂದದ್ದು ನಿಜ. ಐದು ನಿಮಿಷ ಕಲ್ಲಿನ ಮೇಲೆ ಕೂತು, ಫ್ಲಾಸ್ಕಿನ ಕಾಫಿ ಕುಡಿದು, "ನಡಿ, ಮುಹೂರ್ತ ಮೀರುತ್ತೆ" ಎಂದಳು.

ಚಪ್ಪರವಿಲ್ಲ, ಬಯಲಲ್ಲೇ ಮದುವೆ. ಸುತ್ತ ಕಾಡು, ದೂರದಲ್ಲಿ ಹಿಮದ ಬೆಟ್ಟ. ಧಾರೆಯ ನೀರು ಕೈಮೇಲೆ ಬಿದ್ದಾಗ ಮದುಮಗ ಬೆಚ್ಚಿಬಿದ್ದ, ಅಷ್ಟು ತಣ್ಣಗೆ. ನನ್ನ ಕಣ್ಣು ಸೋದರಳಿಯನ ಮೇಲೆ ಹೋಯಿತು. ರೇಷ್ಮೆ ಪಂಚೆ, ಬರಿಗಾಲು. ಕಲ್ಲಿನ ಮೇಲೆ ಒಂದು ಕಾಲಿಂದ ಇನ್ನೊಂದು ಕಾಲಿಗೆ ಬದಲಾಯಿಸುತ್ತಿದ್ದಾನೆ. ನಾನು ಗೆರೆ ಎಳೆದ ಸಾಲನ್ನು ಅವನು ಓದಿಯೇ ಇರಲಿಲ್ಲ. ಅಕ್ಕ ಚೀಲದಿಂದ ತನ್ನ ಎರಡನೆಯ ಜೊತೆಯನ್ನು ತೆಗೆದು ಕೊಟ್ಟಳು, ಗುಲಾಬಿ ಬಣ್ಣದ್ದು. ಹಾಕಿಕೊಂಡ. ಮದುವೆಯ ಫೋಟೋಗಳಲ್ಲೆಲ್ಲ ಅವು ಚೆನ್ನಾಗಿ ಕಾಣುತ್ತವೆ.

ಅಕ್ಕ ತಂದ ಭಸ್ಮದ ಪೊಟ್ಟಣ ದೇವರ ಗೂಡಿನಲ್ಲಿದೆ. ಕಾಲುಚೀಲ ಇನ್ನೂ ವಾಪಸು ಬಂದಿಲ್ಲವಂತೆ, ಹೋದಾಗಲೆಲ್ಲ ಹೇಳುತ್ತಾಳೆ.