ನೀರಿನ ಬಟ್ಟಲು
ಈ ಏಪ್ರಿಲ್ ಬಿಸಿಲಿಗೆ ನಮ್ಮ ನಾಯಿ ರಾಜನ ನೀರಿನ ಬಟ್ಟಲು ಮಧ್ಯಾಹ್ನದೊಳಗೇ ಖಾಲಿ! ನಾಯಿಗೆ ದಿನಕ್ಕೆ ಎಷ್ಟು ನೀರು ಬೇಕು ಗೊತ್ತಾ? ತೂಕದ ಪ್ರತಿ ಕೆಜಿಗೆ ಸುಮಾರು 50ರಿಂದ 60 ಮಿ.ಲೀ. ಅಂದ್ರೆ 20 ಕೆಜಿ ನಾಯಿಗೆ ಒಂದು ಲೀಟರ್‌ಗೂ ಕಮ್ಮಿ ಆಗಬಾರದು. ಬೇಸಿಗೇಲಿ ಇನ್ನೂ ಜಾಸ್ತಿ. ಪಾಪ, ಅವಕ್ಕೆ ನಮ್ಮ ಹಾಗೆ ಮೈಯೆಲ್ಲ ಬೆವರಲ್ಲ. ನಾಲಗೆ ಚಾಚಿ ಏದುಸಿರು ಬಿಟ್ಟೇ ಮೈ ತಂಪು ಮಾಡ್ಕೋಬೇಕು, ಆ ಉಸಿರಿನ ಜೊತೆ ನೀರೂ ಹೋಗುತ್ತೆ. ಬರೀ ಒಣ ಡಾಗ್ ಫುಡ್ ತಿನ್ನೋ ನಾಯಿಗಂತೂ ಬಟ್ಟಲೇ ಗತಿ, ಆ ಫುಡ್‌ನಲ್ಲಿ ನೀರಿನಂಶ ಹತ್ತರಲ್ಲೊಂದು ಪಾಲು ಅಷ್ಟೇ. ಆದ್ರೆ ತಂಪು ದಿನದಲ್ಲೂ ಇದ್ದಕ್ಕಿದ್ದ ಹಾಗೆ ವಿಪರೀತ ಕುಡಿಯೋಕೆ ಶುರು ಮಾಡಿದ್ರೆ ಡಾಕ್ಟರಿಗೆ ತೋರಿಸಿ, ಸಕ್ಕರೆ ಕಾಯಿಲೆಯೋ ಕಿಡ್ನಿ ತೊಂದರೆಯೋ ಇರಬಹುದು. ಬೆಳಿಗ್ಗೆ ಕೆಲಸಕ್ಕೆ ಹೊರಡೋವಾಗ ನೀವು ಎಷ್ಟು ನೀರಿಟ್ಟು ಹೋಗ್ತೀರಿ, ಸಂಜೆವರೆಗೂ ಸಾಕಾಗುತ್ತಾ?