ದೇವದಾರುಗಳ ನಡುವೆ ಕಾಕಾ ಆಡಿದ ಆಟ

ಕಳೆದ ಮೇ ತಿಂಗಳ ರಜೆಗೆ ಶಿಮ್ಲಾಕ್ಕೆ ಹೋಗುವುದೆಂದು ನಾವು ನಿಶ್ಚಯಿಸಿದಾಗ ಮಕ್ಕಳು ಒಂದು ಷರತ್ತು ಹಾಕಿದರು. ಪುಣೆಯ ಕಾಕಾ ಕೂಡ ನಮ್ಮ ಜೊತೆ ಬರಬೇಕು! "ನನ್ನ ಮೊಣಕಾಲು ನೋಡ್ರಿ, ಗುಡ್ಡ ಹತ್ತೂದು ಹ್ಯಾಂಗ?" ಎಂದು ಕಾಕಾ ತಪ್ಪಿಸಿಕೊಳ್ಳಲು ನೋಡಿದರು. ಅಲ್ಲಿ ಸಮೀಪದ ನಾಲ್ದೇಹ್ರಾದಲ್ಲಿ ಗಾಲ್ಫ್ ಮೈದಾನವಿದೆ, ಯಾರು ಬೇಕಾದರೂ ಹಣ ಕಟ್ಟಿ ಆಡಬಹುದು ಎಂದು ತಿಳಿಸಿದೆವು. ಮರುಮಾತಾಡದೆ ಒಪ್ಪಿಕೊಂಡರು.

ಕಾಕಾ ಹುಟ್ಟಿದ್ದು ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಮಹಾರಾಷ್ಟ್ರಕ್ಕೆ ಸೇರಿದ್ದರೂ ಮನೆಮಾತು ಕನ್ನಡ. ಮಳೆ ಕಡಿಮೆ, ಜೋಳ, ಸಜ್ಜೆ ಬೆಳೆಯುವ ಸೀಮೆ. 1972ರ ಬರಗಾಲದಲ್ಲಿ ದನಗಳಿಗೆ ಮೇವಿಲ್ಲ, ಮನೆಯಲ್ಲಿ ಕಾಳಿಲ್ಲ. ಹದಿನಾಲ್ಕು ವರ್ಷದ ಹುಡುಗ ಊರವರ ಜೊತೆ ಪುಣೆ ಸೇರಿ, ಗಾಲ್ಫ್ ಆಡುವವರ ಚೀಲ ಹೊರುವ ಕ್ಯಾಡಿಯಾದ. ಮೂವತ್ತೈದು ವರ್ಷ ಅದೇ ಕೆಲಸ. ಯಾವ ದೂರಕ್ಕೆ ಯಾವ ಕೋಲು, ಗಾಳಿ ಎತ್ತ ಬೀಸುತ್ತಿದೆ ಎಂದು ಸಾಹೇಬರಿಗೆ ಹೇಳಿಕೊಡುತ್ತಿದ್ದರು. ಬೆಳಗಿನ ಜಾವ, ಯಾರೋ ಬಿಸಾಡಿದ ಹಳೆಯ ಕೋಲಿನಿಂದ ತಾವೂ ಹೊಡೆದು ಕಲಿತರು. ಆದರೆ ತಮ್ಮ ಹೆಸರಿನಲ್ಲಿ ರಸೀದಿ ಬರೆಸಿ ಒಂದು ದಿನವೂ ಆಡಿದವರಲ್ಲ.

ಕಾಲ್ಕಾದಿಂದ ಶಿಮ್ಲಾಕ್ಕೆ ಪುಟ್ಟ ರೈಲು. 1903ರಲ್ಲಿ ಆರಂಭವಾದ ಈ 96 ಕಿಲೋಮೀಟರ್ ಹಾದಿಯಲ್ಲಿ ನೂರಕ್ಕೂ ಮಿಕ್ಕಿ ಸುರಂಗಗಳಿವೆ. ಪ್ರತಿ ಸುರಂಗದಲ್ಲೂ ಮಕ್ಕಳ ಕೂಗಾಟ! 2008ರಲ್ಲಿ ಇದು ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಮರುದಿನ ಮಶೋಬ್ರಾ ಮಾರ್ಗವಾಗಿ ಹೊರಟು ಸುಮಾರು ಒಂದು ಗಂಟೆಯಲ್ಲಿ ನಾಲ್ದೇಹ್ರಾ ಮುಟ್ಟಿದೆವು. ಶಿಮ್ಲಾದಿಂದ ಇಪ್ಪತ್ತಮೂರು ಕಿಲೋಮೀಟರ್, ಸಮುದ್ರಮಟ್ಟದಿಂದ ಎರಡು ಸಾವಿರ ಮೀಟರಿಗೂ ಎತ್ತರ. ಸುತ್ತಲೂ ದೇವದಾರು ಮರಗಳು, ನಡುವೆ ಏರಿಳಿಯುವ ಹಸಿರು, ಕೆಳಗೆ ಸಟ್ಲೆಜ್ ಕಣಿವೆ. ಮೈದಾನದಲ್ಲೇ ಮರದ ಹಳೆಯ ನಾಗ ದೇವಾಲಯವೊಂದಿದೆ. 1899ರಿಂದ 1905ರವರೆಗೆ ವೈಸರಾಯ್ ಆಗಿದ್ದ ಲಾರ್ಡ್ ಕರ್ಜನ್ ಈ ಜಾಗಕ್ಕೆ ಮನಸೋತು ಇಲ್ಲಿ ಗಾಲ್ಫ್ ಮೈದಾನ ಮಾಡಿಸಿದ. 1904ರಲ್ಲಿ ಹುಟ್ಟಿದ ಮೂರನೆಯ ಮಗಳ ಹೆಸರಿಗೆ 'ನಾಲ್ದೇರಾ' ಎಂದೂ ಸೇರಿಸಿದ! 

ಗಾಲ್ಫ್ ಎಂದರೆ ಶ್ರೀಮಂತರ ಆಟ ಎಂದೇ ನಾವು ತಿಳಿದಿದ್ದೆವು. ಆದರೆ ಈ ಆಟದ ತವರು ಎನಿಸಿದ ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್ ಮೈದಾನ ಸಾರ್ವಜನಿಕ ಜಾಗ. ಭಾನುವಾರ ಸಾಮಾನ್ಯವಾಗಿ ಅಲ್ಲಿ ಆಟವಿಲ್ಲ. ಊರವರು ಮಕ್ಕಳು ಮರಿಗಳೊಂದಿಗೆ ಅಡ್ಡಾಡುತ್ತಾರೆ. ಕ್ಯಾಡಿಗಳ ಹೆಮ್ಮೆಯನ್ನು ಕಾಕಾ ದಾರಿಯುದ್ದಕ್ಕೂ ಹೇಳುತ್ತಿದ್ದರು. ಇಂಡಿಯನ್ ಓಪನ್ ಗೆದ್ದ ಮೊದಲ ವೃತ್ತಿಪರ ಭಾರತೀಯ ಅಲಿ ಶೇರ್, 1991ರಲ್ಲಿ. 2009ರಲ್ಲಿ ಗೆದ್ದವರು ಬೆಂಗಳೂರಿನ ಮುನಿಯಪ್ಪ. ಇಬ್ಬರೂ ಮೊದಲು ಚೀಲ ಹೊತ್ತವರೇ.

ಕಚೇರಿಯಲ್ಲಿ ಹಣ ಕಟ್ಟಿದೆವು. ಗುಮಾಸ್ತರು "ಆಡುವವರ ಹೆಸರು?" ಎಂದು ಕೇಳಿದಾಗ ಕಾಕಾ ನಮ್ಮ ಮುಖ ನೋಡಿದರು. "ನಿಮ್ಮ ಹೆಸರೇ ಹೇಳ್ರಿ ಕಾಕಾ" ಎಂದೆವು.

ಬಾಡಿಗೆ ಕೋಲುಗಳ ಚೀಲ ಹಿಡಿದು ಹತ್ತೊಂಬತ್ತರ ಒಬ್ಬ ಹುಡುಗ ಬಂದ. ಕಾಕಾ ಅಭ್ಯಾಸಬಲದಿಂದ ಚೀಲಕ್ಕೆ ಕೈಹಾಕಿದರು. ಹುಡುಗ ಬಿಡಲಿಲ್ಲ. ಕೊನೆಗೆ ಇಬ್ಬರೂ ಒಂದೊಂದು ಪಟ್ಟಿ ಹಿಡಿದು ನಡೆದರು!

ಮೊದಲ ಚೆಂಡು ನೇರ ಮರಗಳೊಳಗೆ ಹೋಯಿತು. ಮಕ್ಕಳು ನಕ್ಕರು, ಕಾಕಾ ನಗಲಿಲ್ಲ. ಎರಡನೆಯದು ನೆಲ ಹಿಡಿದು ಉರುಳಿತು. ಮೂರನೆಯ ಸಲ ಹುಲ್ಲು ಕಿತ್ತು ಗಾಳಿಗೆ ತೂರಿ, ಕೋಲು ಬದಲಿಸಿ ಹೊಡೆದರು. ಚೆಂಡು ದೇವದಾರುಗಳ ಮೇಲೇರಿ, ಹಸಿರಿನ ನಡುವೆ ಬಂದು ನಿಂತಿತು. ಹುಡುಗ ಚಪ್ಪಾಳೆ ತಟ್ಟಿದ. ಕಾಕಾ ಬಹಳ ಹೊತ್ತು ಅತ್ತಲೇ ನೋಡುತ್ತಿದ್ದರು. ನಾವು ಮಾತಾಡಿಸಲಿಲ್ಲ.

ಮೊಣಕಾಲು ನೋವು ಹೆಚ್ಚಿ ಐದು ಕುಳಿಗಳಿಗೇ ಆಟ ನಿಲ್ಲಿಸಬೇಕಾಯಿತು. ಹೊರಡುವಾಗ ಆ ಹುಡುಗನಿಗೆ ನಾವು ಕೊಟ್ಟದ್ದಲ್ಲದೆ ತಮ್ಮ ಕಿಸೆಯಿಂದಲೂ ಕೊಟ್ಟು, "ಸಾಲಿ ಬಿಡಬ್ಯಾಡಂತ ಅವಂಗ ಹೇಳ್ರಿ, ನನ್ನ ಹಿಂದಿ ಅಷ್ಟಕ್ಕಷ್ಟ" ಎಂದರು. ಹೇಳಿದೆವು. ಅವನು ಕಾಲೇಜಿಗೆ ಹೋಗುತ್ತಾನಂತೆ, ಇದು ರಜೆಯ ಕೆಲಸವಂತೆ. ಕಾಕಾನಿಗೆ ಸಮಾಧಾನವಾಯಿತು.

ಓದುಗರಲ್ಲಿ ಯಾರಾದರೂ ಶಿಮ್ಲಾಕ್ಕೆ ಹೋದರೆ ನಾಲ್ದೇಹ್ರಾಕ್ಕೆ ಅರ್ಧ ದಿನ ಇಟ್ಟುಕೊಳ್ಳಿ. ಬೇಸಿಗೆಯಲ್ಲೂ ಒಂದು ಸ್ವೆಟರ್ ಇರಲಿ, ಜಾರದ ಬೂಟು ಇರಲಿ. ಆಟ ಬಾರದವರು ಕುದುರೆಯ ಮೇಲೆ ಸುತ್ತು ಹಾಕಬಹುದು. ಸಾಧ್ಯವಾದರೆ ಮನೆಯ ಹಿರಿಯರೊಬ್ಬರನ್ನು ಕರೆದೊಯ್ಯಿರಿ; ಅವರು ಏನು ಆಡಬೇಕೆಂದುಕೊಂಡಿದ್ದರೋ ಕೇಳಿ ನೋಡಿ.

ಆ ರಸೀದಿ ಈಗಲೂ ಕಾಕಾನ ಪಾಕೀಟಿನಲ್ಲಿದೆ. ಪುಣೆಗೆ ಹೋದಾಗಲೆಲ್ಲ ತೆಗೆದು ತೋರಿಸುತ್ತಾರೆ.