ಗೀಜಗನಿಗೆ ಕೊಟ್ಟ ಒಂಬತ್ತು ಅಂಕ

ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಕೆಲವು ಶಾಲೆಗಳಿಗೆ ಪುಸ್ತಕ ಆರಿಸಿಕೊಡಬೇಕೆಂದು ಕಳೆದ ಮಳೆಗಾಲದಲ್ಲಿ ಹಾಸನದ ನನ್ನ ಮನೆಗೆ ಒಂದು ಗಂಟು ಬಂದಿತು. ಪ್ರಾಣಿ, ಪಕ್ಷಿ, ಗಿಡಮರಗಳನ್ನು ಕುರಿತು ಮಕ್ಕಳಿಗಾಗಿ ಬರೆದ ಸಚಿತ್ರ ವಿಜ್ಞಾನದ ಪುಸ್ತಕಗಳು. ಕನ್ನಡ ಮೇಷ್ಟರಿಗೆ ಈ ಉಸಾಬರಿ ಏಕೆ ಎನ್ನುವಿರಾ? ಪುಸ್ತಕಗಳು ಕನ್ನಡದಲ್ಲಿವೆಯಲ್ಲ, ಅದಕ್ಕೆ!

ನನಗೆ ಬರುವ ಕೆಲಸವನ್ನೇ ನಾನು ಮಾಡಿದೆ. ಅಲ್ಪಪ್ರಾಣ ಮಹಾಪ್ರಾಣಗಳನ್ನು ತೂಗಿದೆ. ಎಂಟು ವರ್ಷದ ಮಗುವಿನ ಬಾಯಿಗೆ ‘ದ್ಯುತಿಸಂಶ್ಲೇಷಣೆ’ಯನ್ನು ತುರುಕಿದವರಿಗೆ ಎರಡು ಅಂಕ ಕಳೆದೆ. ಹಿಮಕರಡಿ, ಓಕ್ ಮರಗಳೇ ತುಂಬಿ, ಹೊಂಗೆಯ ಸುದ್ದಿಯೇ ಇಲ್ಲದುದನ್ನು ಬದಿಗಿಟ್ಟೆ. ಗೀಜಗನ ಹಕ್ಕಿಯ ಪುಸ್ತಕವೊಂದು ಮಾತ್ರ ಮನಸ್ಸನ್ನು ಗೆದ್ದಿತು. ಬಣ್ಣವೇನು, ಭಾಷೆಯೇನು! ಮುಖಪುಟದಲ್ಲಿ ತಾಯಿಹಕ್ಕಿ ತನ್ನ ಮರಿಗಳಿಗಾಗಿ ಗೂಡು ನೇಯುತ್ತಿತ್ತು. ಕಣ್ಣು ತೇವವಾಗಿ, ಹತ್ತಕ್ಕೆ ಒಂಬತ್ತು ಕೊಟ್ಟುಬಿಟ್ಟೆ.

ಆ ಭಾನುವಾರ ಚನ್ನರಾಯಪಟ್ಟಣದ ಹತ್ತಿರ ಅಕ್ಕನ ತೋಟಕ್ಕೆ ಹೋದಾಗ ಪುಸ್ತಕ ಚೀಲದಲ್ಲಿತ್ತು. ನಾಲ್ಕನೆಯ ತರಗತಿಯ ಸೋದರಸೊಸೆ ಅದನ್ನು ತಿರುವಿಹಾಕಿ, “ಇದು ಸುಳ್ಳು, ಮಾವ” ಎಂದಳು. ಕೈಹಿಡಿದು ಬಾವಿಯ ಬಳಿಗೆ ಎಳೆದೊಯ್ದಳು.

ನೀರಿನ ಮೇಲೆ ಬಾಗಿದ ತೆಂಗಿನ ಗರಿಗಳಲ್ಲಿ ಗೂಡುಗಳು ತೂಗುತ್ತಿದ್ದವು. ನೇಯುತ್ತಿದ್ದವೆಲ್ಲ ಹಳದಿ ತಲೆಯ ಗಂಡುಗಳು! ಅರ್ಧ ನೇಯ್ದು, ಟೋಪಿಯಂತಿದ್ದ ಗೂಡಿಗೆ ಜೋತುಬಿದ್ದು ರೆಕ್ಕೆ ಬಡಿದು ಕರೆಯುತ್ತಿದ್ದವು. ಗುಬ್ಬಿಯಂಥ ಸಾದಾ ಹೆಣ್ಣು ಬಂದು, ಒಳಹೊಕ್ಕು ಪರೀಕ್ಷಿಸುತ್ತದೆ. ಒಪ್ಪಿದರೆ ಗಂಡು ಕೊಳವೆಯಂಥ ಬಾಗಿಲನ್ನೂ ನೇಯ್ದು ಮುಗಿಸುತ್ತದೆ. ಒಪ್ಪದಿದ್ದರೆ ಅಷ್ಟು ದಿನದ ನೇಯ್ಗೆ ಹಾಗೆಯೇ ನೇತಾಡಬೇಕು. ಕಾವು ಕೊಡುವುದು ಹೆಣ್ಣು. ಗಂಡು ಅಷ್ಟರಲ್ಲಿ ಇನ್ನೊಂದು ಗೂಡಿಗೆ ಕೈಹಾಕಿರುತ್ತದೆ, ಇನ್ನೊಬ್ಬಳಿಗಾಗಿ!

‘ಗೀಜಗ’ ಎಂಬ ಪದದ ಮೇಲೆ ಅರ್ಧ ಗಂಟೆ ಮಾತನಾಡಬಲ್ಲ ನಾನು ಅದನ್ನು ಐದು ನಿಮಿಷ ನಿಂತು ನೋಡಿರಲಿಲ್ಲ.

1936ರಲ್ಲಿ ಶಿವರಾಮ ಕಾರಂತರು ‘ಬಾಲ ಪ್ರಪಂಚ’ದ ಮೂರು ಸಂಪುಟಗಳನ್ನು ತಂದಾಗ ಕನ್ನಡದಲ್ಲಿ ಪಾರಿಭಾಷಿಕ ಪದಗಳಿಗೇ ತತ್ವಾರ. ಇಂದು ಪದಗಳಿವೆ, ಬಣ್ಣವಿದೆ, ನುಣುಪು ಕಾಗದವಿದೆ. ಕಾಗುಣಿತದ ತಪ್ಪನ್ನು ಮಗು ಮುಂದೆ ತಿದ್ದಿಕೊಂಡೀತು. ನನ್ನ ಸೋದರಸೊಸೆಗೆ ತಿದ್ದಲು ಬಾವಿಯಿದೆ. ಹಾಸನದ ನಮ್ಮ ಬಡಾವಣೆಯ ಮಗುವಿಗೆ ಬಾವಿಯೂ ಇಲ್ಲ, ಗೂಡೂ ಇಲ್ಲ. ಅದರ ಪಾಲಿಗೆ ಪುಸ್ತಕದಲ್ಲಿರುವುದೇ ಗೀಜಗ.

ಮನೆಗೆ ಬಂದು ಒಂಬತ್ತನ್ನು ಹೊಡೆದುಹಾಕಿದೆ. ಉಳಿದ ಅಂಕಗಳ ಮೇಲೂ ನಂಬಿಕೆ ಹೋಗಿತ್ತು. ಮುಂದಿನ ಭಾನುವಾರ ಗಂಟನ್ನು ಪೂರ್ತಿ ಹೊತ್ತುಕೊಂಡೇ ಚನ್ನರಾಯಪಟ್ಟಣದ ಬಸ್ಸು ಹತ್ತಿದೆ.